ಕಂಡ ಹಾಗಾಯ್ತು ಅಂದರೆ ಕಂಡಿಲ್ಲ

ಚಳ್ಳಕೆರೆ ಪೇಟೆಯಲ್ಲಿ ಮೀಟರ್ ಸಾಬರ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರೂ ಬೋರ್ಡಿನ ಗುರುತು ಹೇಳುತ್ತಿರಲಿಲ್ಲ. "ಒಳಗೆ ತೂಗುಗುಂಡು ನೇತಾಡ್ತೈತೆ ನೋಡ್ರಿ, ಅದೇ" ಅನ್ನುತ್ತಿದ್ದರು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗಾರೆ ಕೆಲಸದವರು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆಯ ಗುಂಡು ಅದು. ಗಡಿಯಾರ, ತಕ್ಕಡಿ, ಸ್ಕೂಟರಿನ ಸ್ಪೀಡೋಮೀಟರ್ ರಿಪೇರಿ ಮಾಡುವ ಮನುಷ್ಯನಿಗೆ ಅದು ಯಾಕೆ ಬೇಕು ಎಂದು ನಾನು ಯೋಚಿಸಿಯೇ ಇರಲಿಲ್ಲ. ಹೋದ ತಿಂಗಳು ಊರಿಗೆ ಹೋದಾಗ ಆ ಜಾಗದಲ್ಲಿ ಮೊಬೈಲ್ ಕವರಿನ ಅಂಗಡಿ ಬಂದಿತ್ತು. ತೊಲೆಯಲ್ಲಿ ಕೊಕ್ಕೆ ಮಾತ್ರ ಹಾಗೇ ಇತ್ತು. ಸಾಬರು ತೀರಿಕೊಂಡು ಆಗಲೇ ಒಂದು ವರ್ಷ. ಸಾವಿನ ಬಗ್ಗೆ ಬರೆಯಲು ಏನೂ ಇಲ್ಲ, ನಿದ್ದೆಯಲ್ಲಿ ಸದ್ದಿಲ್ಲದೆ ಹೋದರು. ನನಗೆ ವಿಮಾನ ಇಳಿಸುವುದನ್ನು ಕಲಿಸಿದವರು ಹತ್ತಾರು ಜನ. ಇಳಿಸದೇ ಇರುವುದನ್ನು ಕಲಿಸಿದವರು ಇವರೊಬ್ಬರೇ. ಅದನ್ನು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ನಮ್ಮದು ಶೇಂಗಾ ಎಣ್ಣೆ ಮಿಲ್ಲಿನ ಮನೆ. ಅಪ್ಪ ಮೂಟೆಗೆ ಕೈ ಹಾಕಿ, ಒಂದು ಹಿಡಿ ಕಾಯಿ ತೆಗೆದು, ಕಿವಿಯ ಹತ್ತಿರ ಗಲಗಲ ಅಲ್ಲಾಡಿಸಿ ತೇವ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದರು. ತೇವ ಅಳೆಯುವ ಮೀಟರ್ ಒಂದು ಮಿಲ್ಲಿನಲ್ಲಿತ್ತು. ಹೊರಗಿನ ವ್ಯಾಪಾರಿಗಳು ಬಂದರೆ ಅವರ ಸಮಾಧಾನಕ್ಕೆಂದು ಅದನ್ನು ಹೊರತೆಗೆಯುತ್ತಿದ್ದರು, ಮನೆಗೆ ನೆಂಟರು ಬಂದಾಗ ಒಳ್ಳೆಯ ಲೋಟ ತೆಗೆಯುವ ಹಾಗೆ. "ಮೀಟರ್ ಏನು ಹೇಳ್ತೈತೆ? ಕೈಗೆ ಗೊತ್ತಾಗ್ತೈತೆ" ಎನ್ನುವುದು ನಮ್ಮ ಮನೆಯ ಮಂತ್ರ. ಅವ್ವನ ಉಪ್ಪೂ ಕೈಲೆಕ್ಕ, ಅಣ್ಣನ ಡ್ರೈವಿಂಗೂ ಕೈಲೆಕ್ಕ. ನಾನು ವಿಮಾನ ಕಲಿಯಲು ಹೋದಾಗಲೂ ಕೊಂಡುಹೋದದ್ದು ಅದೇ ಬಂಡವಾಳ. ಬಿಸಿಲು ಬಿದ್ದ ದಿನಗಳಲ್ಲಿ ಅದು ಬಹಳ ಚೆನ್ನಾಗಿ ನಡೆಯಿತು. "ನಿನ್ನ ಕೈ ಒಳ್ಳೆಯದು" ಎಂದು ಕಲಿಸುವವರೂ ಹೊಗಳಿದರು. ನಾನು ಉಬ್ಬಿಹೋದೆ.

ಆದರೆ ಆಕಾಶ ತಿಳಿಯಾಗಿದ್ದಾಗ ಹಾರಿಸುವುದಕ್ಕೆ ಒಂದು ಕಾನೂನು, ಮೋಡದೊಳಗೆ ಹಾರಿಸುವುದಕ್ಕೆ ಇನ್ನೊಂದು. ಮೋಡದೊಳಗೆ ಕಿಟಕಿಯಾಚೆ ಏನೂ ಕಾಣುವುದಿಲ್ಲ. ಎದುರಿನ ಉಪಕರಣಗಳನ್ನಷ್ಟೇ ನೋಡಿಕೊಂಡು ಹಾರಿಸಬೇಕು. ಅದಕ್ಕೆ ಬೇರೆಯೇ ಗಂಟೆಗಳ ಅಭ್ಯಾಸ, ಬೇರೆಯೇ ಪರೀಕ್ಷೆ. ಹೊರಗಿನದು ಕಾಣದಂತೆ ಹಣೆಗೆ ಒಂದು ಮರೆ ಕಟ್ಟಿ ಕೂರಿಸುತ್ತಾರೆ. ಇಳಿಯುವಾಗ ಇಂತಿಷ್ಟು ಅಡಿ ಎಂದು ಒಂದು ಎತ್ತರ ಮೊದಲೇ ಗೊತ್ತಾಗಿರುತ್ತದೆ. ನನ್ನ ಪರೀಕ್ಷೆಯಲ್ಲಿ ಅದು ನೆಲದಿಂದ ಇನ್ನೂರು. ಅಲ್ಲಿಗೆ ಬಂದಾಗ ರನ್‌ವೇ ಕಣ್ಣಿಗೆ ಕಂಡರೆ ಇಳಿಸಬೇಕು, ಕಾಣದಿದ್ದರೆ ಮಾತಿಲ್ಲದೆ ಮೇಲೆದ್ದು ಹೋಗಬೇಕು. ಇನ್ನೂರು ಬಂತು. ಪರೀಕ್ಷಕರು ಮರೆ ತೆಗೆ ಎನ್ನಲಿಲ್ಲ, ಅಂದರೆ ರನ್‌ವೇ ಕಾಣಲಿಲ್ಲವೆಂದೇ ಲೆಕ್ಕ. ನನಗೋ, ರನ್‌ವೇ ಇಲ್ಲೇ ಕಾಲಡಿಗೇ ಇದೆ ಎಂದು ಮೈಯೆಲ್ಲ ಹೇಳುತ್ತಿತ್ತು. ಇನ್ನೂ ಮೂವತ್ತಡಿ ಇಳಿಸಿದೆ. ಪರೀಕ್ಷಕರು ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡರು. ಇಳಿದ ಮೇಲೆ ಬೈಯಲೂ ಇಲ್ಲ. ಕಾಗದದಲ್ಲಿ ಒಂದು ಗೆರೆ ಎಳೆದು ಹೋದರು.

ಒಂದು ವಿಮಾನ ಕಂಪನಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಮೂರು ತಿಂಗಳೊಳಗೆ ಆ ಪರೀಕ್ಷೆ ಪಾಸಾದರೆ ಕೆಲಸ, ಇಲ್ಲವಾದರೆ ಹೆಸರು ಹೊಡೆದುಹಾಕುತ್ತಾರೆ. ಮತ್ತೆ ಅಂಥ ಪಟ್ಟಿ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ನಾನು ಮುಖ ಸಣ್ಣ ಮಾಡಿಕೊಂಡು ಊರಿಗೆ ಬಂದೆ. ಅಪ್ಪ ಸಮಾಧಾನ ಹೇಳುವ ರೀತಿಯೇ ಬೇರೆ. "ಆಗ್ಲಿಲ್ಲ ಅಂದ್ರೆ ಮಿಲ್ಲಿಗೆ ಬಾ. ಸದ್ಯಕ್ಕೆ ಈ ಮೀಟರ್ ಕೆಟ್ಟೈತೆ, ಸಾಬ್ರ ಹತ್ರ ಕೊಟ್ಟು ಬಾ" ಎಂದರು.

ಹೀಗೆ ಕೆಟ್ಟ ಮೀಟರ್ ಹಿಡಿದುಕೊಂಡು, ಕೆಟ್ಟ ಮೋರೆ ಹೊತ್ತುಕೊಂಡು ಆ ಅಂಗಡಿಯ ಮೆಟ್ಟಿಲು ಹತ್ತಿದೆ. ಚಿಕ್ಕದಾಗಿ ಕತ್ತರಿಸಿದ ಬಿಳಿ ಗಡ್ಡ, ಕಣ್ಣಿಗೆ ಸಿಕ್ಕಿಸಿದ ಗಡಿಯಾರದವರ ಭೂತಗನ್ನಡಿ, ಇಸ್ತ್ರಿಯ ಗೆರೆ ಕೆಡದ ಷರಟು. ಸಾಬರು ಉತ್ತರದ ಯಾವುದೋ ವಿಮಾನ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ವಿಮಾನದ ಉಪಕರಣಗಳನ್ನು ಬಿಚ್ಚಿ ಜೋಡಿಸಿದವರು ಎಂಬುದು ಪೇಟೆಗೆಲ್ಲ ಗೊತ್ತಿದ್ದ ಸಂಗತಿ. ನಾನು ಫೇಲಾದದ್ದೂ ಪೇಟೆಗೆಲ್ಲ ಗೊತ್ತಿದ್ದ ಸಂಗತಿಯೇ. ಅವರು ಮೀಟರ್ ಬಿಚ್ಚುತ್ತ, ತಲೆ ಎತ್ತದೆ ಕೇಳಿದರು.

"ಎಷ್ಟು ಅಡಿಗೆ ಬಿಟ್ಟೆ?"

ಊರಲ್ಲಿ ಎಲ್ಲರೂ "ಪರವಾಗಿಲ್ಲ ಬಿಡಮ್ಮ" ಎಂದಿದ್ದರು. ಅಡಿ ಕೇಳಿದವರು ಇವರೊಬ್ಬರೇ.

"ನೂರ ಎಪ್ಪತ್ತು" ಎಂದೆ.

"ಲಿಮಿಟ್ಟು?"

"ಇನ್ನೂರು. ಆದ್ರೆ ರನ್‌ವೇ ಅಲ್ಲೇ ಇತ್ತು ಸಾಬ್ರೇ. ಕಂಡ ಹಾಗೇ ಆಯ್ತು."

ಭೂತಗನ್ನಡಿ ತೆಗೆದು ನನ್ನನ್ನು ನೋಡಿದರು. "ಬೇಟಿ, ಕಂಡ ಹಾಗಾಯ್ತು ಅಂದ್ರೆ ಕಂಡಿಲ್ಲ ಅಂತ."

ನನಗೆ ಸಿಟ್ಟು ಬಂತು. ಜೀವಮಾನದಲ್ಲಿ ಒಮ್ಮೆಯೂ ವಿಮಾನ ಹಾರಿಸದ ಮನುಷ್ಯ ನನಗೆ ಬುದ್ಧಿ ಹೇಳುವುದೇ? ಅದನ್ನೇ ಸ್ವಲ್ಪ ಸುತ್ತಿ ಬಳಸಿ ಹೇಳಿದೆ. ಅವರಿಗೆ ಬೇಜಾರೇನೂ ಆಗಲಿಲ್ಲ. "ನಾನು ಹಾರಿಸಿಲ್ಲ, ನಿಜ. ಆದ್ರೆ ಬಿದ್ದ ವಿಮಾನದ ಮೀಟರು ನನ್ನ ಟೇಬಲ್ ಮೇಲೆ ಬರ್ತಿತ್ತು. ಬಿಚ್ಚಿ ನೋಡ್ತಿದ್ದೆ. ಒಂದೊಂದ್ಸಲ ಮೀಟರಿಗೆ ಏನೂ ಆಗಿರ್ತಿರಲಿಲ್ಲ, ಬಿಲ್ಕುಲ್ ಸರಿಯಾಗೇ ಇರ್ತಿತ್ತು" ಎಂದರು. ಇಷ್ಟು ಹೇಳಿ ನಮ್ಮ ಶೇಂಗಾ ಮೀಟರಿನ ಮುಚ್ಚಳ ಹಾಕಿ ಕೈಗಿಟ್ಟರು. "ಮಂಗಳವಾರ ಬಾ" ಎಂದರು.

ಮಂಗಳವಾರ ಯಾಕೆಂದರೆ, ಅವತ್ತು ಪಕ್ಕದ ಕ್ಷೌರದಂಗಡಿಗೆ ರಜೆ. ಅಲ್ಲಿ ಒಂದು ಗಿರಗಿರ ತಿರುಗುವ ಕುರ್ಚಿ ಇತ್ತು. ಸಾಬರು ಬೀಗದ ಕೈ ಇಸಿದುಕೊಂಡಿದ್ದರು. ನನ್ನನ್ನು ಕೂರಿಸಿ, ನನ್ನದೇ ದುಪಟ್ಟಾದಿಂದ ಕಣ್ಣು ಕಟ್ಟಿಸಿ, ಕುರ್ಚಿಯನ್ನು ಒಂದೇ ವೇಗದಲ್ಲಿ ಮೆಲ್ಲಗೆ ತಿರುಗಿಸತೊಡಗಿದರು. ಯಾವ ಕಡೆ ತಿರುಗುತ್ತಿದೆಯೋ ಆ ಕಡೆ ಬೆರಳು ತೋರಿಸುವುದು ನನ್ನ ಕೆಲಸ. ಮೊದಮೊದಲು ಸರಿಯಾಗಿಯೇ ತೋರಿಸಿದೆ. ಸ್ವಲ್ಪ ಹೊತ್ತಿಗೆ ಕುರ್ಚಿ ನಿಂತಿತು. "ನಿಂತೋಯ್ತು" ಎಂದೆ. ಬಾಗಿಲ ಕಡೆಯಿಂದ ಯಾರೋ ನಕ್ಕರು. ಆಮೇಲೆ ಕುರ್ಚಿ ಇದ್ದಕ್ಕಿದ್ದಂತೆ ಎದುರು ದಿಕ್ಕಿಗೆ ರಭಸವಾಗಿ ತಿರುಗಿತು. "ಎಡಕ್ಕೆ! ಎಡಕ್ಕೆ!" ಎಂದು ಕೂಗಿ ಕೈಹಿಡಿಕೆ ಬಿಗಿಯಾಗಿ ಹಿಡಿದುಕೊಂಡೆ. ಈಗ ಹತ್ತು ಜನ ನಕ್ಕರು. ಕಣ್ಣಿನ ಕಟ್ಟು ಬಿಚ್ಚಿದರೆ ಕುರ್ಚಿ ಕಲ್ಲಿನ ಹಾಗೆ ನಿಂತಿದೆ. ಸಾಬರು ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದಾರೆ. ಅರ್ಧ ತೆರೆದ ಷಟರಿನ ಕೆಳಗೆ ಅರ್ಧ ಪೇಟೆ ಬಗ್ಗಿ ನೋಡುತ್ತಿದೆ.

"ನಿಂತಾಗ ತಿರುಗ್ತು ಅಂದೆ, ತಿರುಗ್ತಿದ್ದಾಗ ನಿಂತೋಯ್ತು ಅಂದೆ. ಈಗ ನಿಮ್ಮಪ್ಪನ ಕೈ ಏನು ಹೇಳ್ತೈತೆ ಕೇಳು ಹೋಗು" ಎಂದರು ಸಾಬರು.

ನಾನು ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು. "ಲಗ್ನದ ವಯಸ್ಸಿನ ಹುಡ್ಗಿ, ಕ್ಷೌರದಂಗಡೀಲಿ ಬುಗುರಿ ಹಂಗೆ ತಿರುಗಿಸ್ಕೊಂಡು ಬಂದ್ಯಾ? ನಾಳೆ ನಾನು ಯಾವ ಮುಖ ಇಟ್ಕೊಂಡು ಸಂತೆಗೆ ಹೋಗ್ಲೆ?" ಅಪ್ಪ ಮಾತ್ರ ಒಂದು ಪ್ರಶ್ನೆ ಕೇಳಿದರು. "ನಿಜವಾಗ್ಲೂ ನಿಂತಿತ್ತಾ?" ಮುಂದಿನ ಮಂಗಳವಾರ ತಾವೇ ಹೋಗಿ ಕುರ್ಚಿಯಲ್ಲಿ ಕೂತು ಬಂದರು ಎಂದು ನನಗೆ ಆಮೇಲೆ ತಿಳಿಯಿತು. ಏನಾಯಿತು ಎಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಕುರ್ಚಿಯಿಂದ ಇಳಿದ ದಿನವೇ ತೂಗುಗುಂಡಿನ ಗುಟ್ಟೂ ತಿಳಿದದ್ದು. ನನ್ನನ್ನು ತಿರುಗಿಸಿ ಬಂದ ಸಾಬರು ತಮ್ಮ ಅಂಗಡಿಯ ಕಂಬ ಹಿಡಿದು ನಿಂತು, ಆ ಗುಂಡಿನ ದಾರವನ್ನೇ ರೆಪ್ಪೆ ಬಡಿಯದೆ ನೋಡಿದರು. ಬೆವರು ಇಳಿಯುತ್ತಿತ್ತು. ನಾನು ಗಾಬರಿಯಾಗಿ ನೀರು ಕೊಟ್ಟೆ. ಅವರಿಗೆ ಕಿವಿಯೊಳಗಿನ ತೊಂದರೆ. ಆರು ವರ್ಷದಿಂದ ಹೇಳದೆ ಕೇಳದೆ ತಲೆಸುತ್ತು ಬರುತ್ತಿತ್ತು. ಗೋಡೆ ಮಲಗಿದಂತೆ, ನೆಲ ಎದ್ದಂತೆ ಅನಿಸುತ್ತಿತ್ತು.

"ನಿನಗೆ ಎರಡು ನಿಮಿಷ ಆಯ್ತಲ್ಲ, ನನಗೆ ದಿನಾ ಆಗ್ತೈತೆ" ಎಂದರು. "ನೆಲ ವಾಲ್ತಿದೆ ಅಂತ ಮೈ ಹೇಳ್ತೈತೆ. ದಾರ ಮಾತ್ರ ಇಲ್ಲ ಅಂತೈತೆ. ನಾನು ದಾರದ ಮಾತು ಕೇಳ್ತೀನಿ, ಬೀಳೋದಿಲ್ಲ."

ಕೂತ ಜಾಗದಿಂದ ಏಳುವ ಮುನ್ನ ಅವರು ತಪ್ಪದೆ ದಾರ ನೋಡುತ್ತಿದ್ದರು. ಅಂಗಡಿಯಲ್ಲಿ ಒಂದು, ಮನೆಯಲ್ಲಿ ಒಂದು, ಮೊಳಕಾಲ್ಮೂರಿನ ಮಗಳ ಮನೆಯ ಪಡಸಾಲೆಯಲ್ಲಿ ಒಂದು ಗುಂಡು ಕಟ್ಟಿದ್ದರು. ಬಸ್ಸಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. "ಬಸ್ಸಲ್ಲಿ ಗುಂಡೂ ಸುಳ್ಳು ಹೇಳ್ತೈತೆ, ಓಲಾಡ್ತೈತಲ್ಲ. ಅಲ್ಲಿ ದೂರದ ಗುಡ್ಡ ನೋಡಬೇಕು. ಯಾವ ಮೀಟರನ್ನ ಎಲ್ಲಿ ನಂಬಬಾರದು ಅನ್ನೋದೂ ಕಾನೂನೇ" ಎಂದರು. ನನ್ನ ದಪ್ಪ ಪುಸ್ತಕಗಳಲ್ಲಿ ನಾಲ್ಕು ಪುಟ ಹಿಡಿದ ಪಾಠ ಇದು. ಒಂದನ್ನು ನೋಡಿ, ಅದನ್ನು ಇನ್ನೊಂದಕ್ಕೆ ತಾಳೆ ಹಾಕಿ, ಆಮೇಲೆ ನಂಬು.

ಅವರ ದಿನಚರಿಯೇ ಆ ಕಾನೂನಿನ ಪುಸ್ತಕವಾಗಿತ್ತು. ಮೋಡದಲ್ಲಿ ಹಾರುವ ವಿಮಾನ ಹೊರಡುವ ಮೊದಲೇ ಇನ್ನೊಂದು ನಿಲ್ದಾಣ ಗೊತ್ತುಮಾಡಿಕೊಂಡಿರಬೇಕು, ಅಲ್ಲಿಗೂ ಹೋಗಿ ಮಿಗುವಷ್ಟು ಇಂಧನ ಇರಬೇಕು. ಸಾಬರು ಮದುವೆ ಊಟಕ್ಕೆ ಹೊರಟರೂ, ಅಲ್ಲಿ ಪಂಕ್ತಿ ಮುಗಿದಿದ್ದರೆ ಯಾವ ಹೋಟೆಲು ಎಂದು ಮೊದಲೇ ನಿಶ್ಚಯಿಸಿಕೊಂಡು ಹೊರಡುತ್ತಿದ್ದರು. ಮಗಳ ಊರಿಗೆ ಹೋಗುವಾಗ ಬಸ್ಸು ಕೆಟ್ಟರೆ ದಾರಿಯ ಬಿ.ಜಿ. ಕೆರೆಯಲ್ಲಿ ಯಾರ ಮನೆ ಎಂಬುದು ಗೊತ್ತಾಗಿರುತ್ತಿತ್ತು. ಪಾಪ, ಆ ಮನೆಯವರಿಗೆ ಅದು ಗೊತ್ತಿರಲಿಲ್ಲ. ಯಾರಿಗಾದರೂ ಕಾಯುವುದಾದರೆ ಹತ್ತೇ ನಿಮಿಷ. ಹನ್ನೊಂದನೆಯ ನಿಮಿಷಕ್ಕೆ ಮನುಷ್ಯ ಇರುತ್ತಿರಲಿಲ್ಲ. "ನಿಕಾಹ್ ದಿನಾನೂ ಗಡಿಯಾರ ನೋಡ್ತಿದ್ರು. ಇನ್ನು ಎರಡು ನಿಮಿಷ ತಡ ಆಗಿದ್ರೆ ಬಚಾವಾಗ್ತಿದ್ದೆ" ಎಂದು ಅವರ ಹೆಂಡತಿ ಚಹಾ ಕೊಡುತ್ತ ನಗುತ್ತಿದ್ದರು.

ನಾನು ತಡವಾಗಿ ಹೋದರೆ ಮಾತ್ರ ಬೈಯುತ್ತಿರಲಿಲ್ಲ. ಒಮ್ಮೆ ದೊಡ್ಡಉಳ್ಳಾರ್ತಿ ಕಡೆಯಿಂದ ಬರುವಾಗ ಹುಲ್ಲುಗಾವಲಿನ ಕುರಿ ಹಿಂಡು ರಸ್ತೆಗೆ ಅಡ್ಡ ನಿಂತು ಅರ್ಧ ಗಂಟೆ ತಡವಾಯಿತು. ಹೆದರಿಕೊಂಡೇ ಹೋದೆ. "ತಡ ಆಗಿ ಬಂದೋರು ಮಾಫಿ ಕೇಳಬಹುದು. ಬರದೇ ಹೋದೋರು ಏನು ಕೇಳ್ತಾರೆ? ಕೂತ್ಕೋ" ಎಂದರು.

ಪರೀಕ್ಷೆಗೆ ಹದಿನೈದು ದಿನ ಇರುವಾಗ ನನ್ನನ್ನು ಮೊಳಕಾಲ್ಮೂರಿಗೆ ಕರೆದುಕೊಂಡು ಹೋದರು. ಮಗಳ ಮನೆಯ ಪಕ್ಕ ರೇಷ್ಮೆ ಸೀರೆ ನೇಯುವ ಮನೆ. ಮಗ್ಗದಲ್ಲಿ ಕೂತಿದ್ದ ಹೆಂಗಸಿಗೆ ನನ್ನ ವಯಸ್ಸೇ ಇರಬೇಕು. ಸೀರೆಯ ಒಳಮೈ ಮೇಲಿತ್ತು, ಹೊರಮೈ ಕೆಳಗೆ. ಅಂದರೆ ಜರಿಯ ಹೂವು ಅರಳುತ್ತಿದ್ದುದು ಅವಳಿಗೆ ಕಾಣದ ಕಡೆ. ಮಗ್ಗದ ಕೆಳಗೆ ಒಂದು ಪುಟ್ಟ ಕನ್ನಡಿ ಇಟ್ಟುಕೊಂಡು ಆಗಾಗ ಅದರಲ್ಲಿ ನೋಡುತ್ತಿದ್ದಳು. "ಇಷ್ಟು ವರ್ಷ ನೇಯ್ದಿದ್ದೀರಿ, ಕೈಗೇ ಗೊತ್ತಾಗಲ್ವಾ?" ಎಂದು ಕೇಳಿದೆ. ಮನೆಯ ಮಂತ್ರ ಅಷ್ಟು ಸುಲಭಕ್ಕೆ ಬಿಡುತ್ತದೆಯೇ.

"ಚೇತಿಕಿ ಏಮಿ ತೆಲುಸಕ್ಕಾ?" ಎಂದು ಅವಳು ತೆಲುಗಿನಲ್ಲೇ ಶುರುಮಾಡಿದಳು. "ಕೈಗೆ ಏನು ಗೊತ್ತು? ಕೈ ಸರಿಗೈತೆ ಅಂತಾನೇ ಹೇಳ್ತೈತೆ ಯಾವಾಗ್ಲೂ. ತಪ್ಪು ಹೇಳೋದು ಕನ್ನಡಿ ಒಂದೇ."

"ತಪ್ಪಾದ್ರೆ?"

"ಬಿಚ್ಚೋದು. ಮತ್ತೆ ನೇಯೋದು. ಪರವಾಲೇದು."

ವಾಪಸು ಬರುವ ಬಸ್ಸಿನಲ್ಲಿ, ದೂರದ ಗುಡ್ಡ ನೋಡುತ್ತ ಕೂತಿದ್ದ ಸಾಬರು, ನನ್ನ ಚೀಲದಿಂದ ವಿಮಾನ ಇಳಿಯುವ ದಾರಿಯ ನಕ್ಷೆ ತೆಗೆಸಿದರು. ಬೆರಳಿಟ್ಟು ತೋರಿಸಿದರು. ಒಂದೇ ಹಾಳೆಯಲ್ಲಿ ರನ್‌ವೇಗೆ ಇಳಿಯುವ ಗೆರೆ ಇದೆ, ಅಲ್ಲಿಂದಲೇ ಮೇಲೆದ್ದು ತಿರುಗಿ ಹೋಗುವ ಚುಕ್ಕೆ ಗೆರೆಯೂ ಇದೆ.

"ಇದನ್ನ ಯಾರು ಬರೆದಿದ್ದು?"

"ಕಾನೂನು ಮಾಡಿದೋರು."

"ಇಳಿಯೋ ಗೆರೆ ಬರೆದೋರೇ ತಿರುಗಿ ಹೋಗೋ ಗೆರೇನೂ ಬರೆದಿದ್ದಾರೆ. ಮತ್ತೆ ಅದು ಸೋಲು ಹೆಂಗಾಗ್ತೈತೆ?"

ಮೂರು ತಿಂಗಳಲ್ಲಿ ನನಗೆ ಅಳು ಬಂದದ್ದು ಅದೊಂದೇ ಸಲ. ಫೇಲಾದಾಗಲೂ ಅತ್ತಿರಲಿಲ್ಲ. ಎಲ್ಲರೂ ನನ್ನನ್ನು ಸಮಾಧಾನ ಮಾಡುತ್ತಿದ್ದರು. ಈ ಮನುಷ್ಯ ಮಾತ್ರ ನಾನು ಸೋಲಲೇ ಇಲ್ಲ, ದಾರಿ ಓದದೆ ಹೋದೆ ಅಷ್ಟೇ ಎಂದು ನಕ್ಷೆ ಬಿಡಿಸಿ ತೋರಿಸುತ್ತಿದ್ದರು.

ಎರಡನೆಯ ಪರೀಕ್ಷೆಯಲ್ಲಿ ಇನ್ನೂರು ಬಂದಾಗ ಪರೀಕ್ಷಕರು ಮತ್ತೆ ಸುಮ್ಮನಿದ್ದರು. ಮೈ ಮತ್ತೆ ಅದೇ ಹೇಳಿತು, ಇಲ್ಲೇ ಇದೆ, ಇಲ್ಲೇ ಇದೆ. ನಾನು ಮೇಲೆದ್ದೆ. ಪರೀಕ್ಷಕರು ಕಾಗದದಲ್ಲಿ ಈ ಸಲ ಬೇರೆ ಗುರುತು ಹಾಕಿದರು. ಕೆಲಸ ಸಿಕ್ಕಿತು.

ಇಷ್ಟಕ್ಕೇ ನಿಲ್ಲಿಸಿದರೆ ಇದು ನನ್ನ ಕತೆಯಾಗುತ್ತದೆ, ಸಾಬರದ್ದಾಗುವುದಿಲ್ಲ.

ಎರಡು ವರ್ಷದ ನಂತರ ಸಾಬರು ಅಂಗಡಿ ಮುಚ್ಚಿ ಮಗಳ ಊರಿಗೆ ಹೋಗುವುದೆಂದು ನಿಶ್ಚಯವಾಯಿತು. ಪೇಟೆಯ ವ್ಯಾಪಾರಿಗಳು ಸನ್ಮಾನ ಇಟ್ಟುಕೊಂಡರು. ಮುಂದಾಳು ನಮ್ಮ ಅಪ್ಪನೇ. ಶಾಲು ಹೊದಿಸಬೇಕಾದವಳು ನಾನು. ಅದು ಸಾಬರದ್ದೇ ಷರತ್ತು. "ಅವಳು ಬಂದ್ರೆ ಕೂರ್ತೀನಿ, ಇಲ್ಲಾಂದ್ರೆ ನಿಮ್ಮ ಹಾರ ನೀವೇ ಹಾಕ್ಕೊಳ್ರಿ" ಎಂದಿದ್ದರಂತೆ. ಅವತ್ತು ಬೆಳಿಗ್ಗೆ ವಿಮಾನ ತಂದು ಬೆಂಗಳೂರಿಗೆ ಇಳಿಸಿ, ಅಲ್ಲಿಂದ ಕಾರಿನಲ್ಲಿ ಹೊರಟರೆ ಮಧ್ಯಾಹ್ನ ಮೂರು ಗಂಟೆಯ ಸಮಾರಂಭಕ್ಕೆ ಧಾರಾಳ ಸಮಯ. ನಾನು ಸೀರೆಯನ್ನೂ ಚೀಲದಲ್ಲಿಟ್ಟುಕೊಂಡಿದ್ದೆ, ಆ ಕನ್ನಡಿಯ ಹೆಂಗಸು ನೇಯ್ದದ್ದು.

ಬೆಂಗಳೂರಿನ ಮೇಲೆ ಮೋಡ ನೆಲಕ್ಕೆ ಕೂತಿತ್ತು. ಅವತ್ತು ಇಳಿಸುವ ಸರದಿ ನನ್ನದು. ಪಕ್ಕದಲ್ಲಿ ಹಿರಿಯ ಕ್ಯಾಪ್ಟನ್ ಕೂತಿದ್ದರು. ಇಳಿದೆ, ಇಳಿದೆ, ಇನ್ನೂರು ಬಂತು. ಬಿಳುಪಿನ ನಡುವೆ ಎಲ್ಲೋ ಒಂದು ದೀಪ. ಕಂಡ ಹಾಗಾಯಿತು. ಸನ್ಮಾನ, ಶಾಲು, ವೇದಿಕೆಯ ಮೇಲೆ ನನಗಾಗಿ ಕಾಯುತ್ತ ಕೂರುವ ಮನುಷ್ಯ ಎಲ್ಲ ಆ ಒಂದು ಕ್ಷಣದಲ್ಲಿ ಕಣ್ಣಿಗೆ ಬಂತು. ಇಳಿಸಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ, ಆ ಆಸೆಯೇ ಹೆದರಿಕೆ ಹುಟ್ಟಿಸಿತು. ಕಂಡ ಹಾಗಾಯಿತು ಅಂದರೆ ಕಂಡಿಲ್ಲ. ಗಟ್ಟಿಯಾಗಿ ಹೇಳಿ ಮೇಲೆದ್ದೆ. ಕ್ಯಾಪ್ಟನ್ ತಲೆಯಾಡಿಸಿದರು. ಎರಡನೆಯ ಸಲವೂ ಅದೇ ಆಯಿತು. ಚುಕ್ಕೆ ಗೆರೆ ಹಿಡಿದು, ಮೊದಲೇ ಗೊತ್ತುಮಾಡಿಕೊಂಡಿದ್ದ ಇನ್ನೊಂದು ಊರಿಗೆ ಹೋದೆವು. ಪ್ರಯಾಣಿಕರು ಮುಖ ಸಿಂಡರಿಸಿಕೊಂಡು ಇಳಿದರು. ಒಬ್ಬರು "ಇಳಿಸೋಕೆ ಬರಲ್ವಾ ಇವರಿಗೆ?" ಎಂದದ್ದೂ ಕಿವಿಗೆ ಬಿತ್ತು.

ಅಪ್ಪನಿಗೆ ಫೋನು ಮಾಡಿ, ಬರಲಾಗುವುದಿಲ್ಲ, ಎರಡು ಸಲ ಇಳಿಯಲು ನೋಡಿ ಬಿಟ್ಟೆವು ಎಂದೆ. ಅಪ್ಪ "ಹೂಂ" ಎಂದು ಇಟ್ಟರು. ಮುಂದಿನದು ಅಪ್ಪನೇ ಹೇಳಿದ್ದು. ಮಗಳು ಇಳಿಸಲಾರದೆ ಹೋದಳು ಎಂದು ಇಷ್ಟು ಜನರ ಮುಂದೆ ಹೇಗೆ ಹೇಳುವುದು ಎಂದು ಅಪ್ಪ ಸಮಾರಂಭದ ಅರ್ಧದವರೆಗೂ ಬಾಯಿ ಬಿಡಲಿಲ್ಲ. ಸಾಬರು ಗಡಿಯಾರ ನೋಡುತ್ತಲೇ ಇದ್ದರು. ಹತ್ತು ನಿಮಿಷ ಕಾಯುವ ಮನುಷ್ಯ ಒಂದು ಗಂಟೆ ಕಾದರು. ಕೊನೆಗೆ ಅಪ್ಪ ಹೋಗಿ ಅವರ ಕಿವಿಯಲ್ಲಿ ಪಿಸುಗುಟ್ಟಿದರು.

ಸಾಬರು ತಟ್ಟನೆ ಎದ್ದು ನಿಂತರು. ದಾರ ನೋಡಲಿಲ್ಲ, ನೋಡಲು ಅಲ್ಲಿ ದಾರವೂ ಇರಲಿಲ್ಲ. ಮೈಕು ಕಸಿದುಕೊಂಡು, "ನನ್ನ ಹುಡುಗಿ ಇಳಿಸಲಿಲ್ಲ! ಎರಡು ಸಲ ಬಂದು, ಎರಡು ಸಲಾನೂ ಇಳಿಸಲಿಲ್ಲ!" ಎಂದು ಕೂಗಿದರು. ಜನಕ್ಕೆ ಏನೊಂದೂ ಅರ್ಥವಾಗಲಿಲ್ಲ. ಆದರೂ ಆ ಮುಖ ನೋಡಿ ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಸಾಬರಿಗೆ ತಲೆ ಸುತ್ತಿತು, ಅಪ್ಪ ಹಿಡಿದು ಕೂರಿಸಿದರು. "ಏನ್ರೀ ಸಾಬ್ರೇ, ಫೇಲಾದೋರಿಗೆ ಚಪ್ಪಾಳೆ ಹೊಡಿಸ್ತೀರಲ್ಲ" ಎಂದು ಅಪ್ಪ ಕೇಳಿದ್ದಕ್ಕೆ, "ಆ ವಿಮಾನದ ನೂರ ಎಂಬತ್ತು ಜನ ಸಂಜೆ ಮನೇಲಿ ಊಟ ಮಾಡ್ತಾರೆ ಕಣ್ರೀ, ಲೇಟಾಗಿ" ಎಂದರಂತೆ. ಅವತ್ತಿನಿಂದ ಅಪ್ಪ ಮೊದಲು ಮೀಟರ್ ನೋಡುತ್ತಾರೆ, ಆಮೇಲೆ ಕಾಯಿ ಅಲ್ಲಾಡಿಸುತ್ತಾರೆ. ಅಲ್ಲಾಡಿಸುವುದನ್ನು ಮಾತ್ರ ಬಿಟ್ಟಿಲ್ಲ.

ನಾನು ಚಳ್ಳಕೆರೆ ಮುಟ್ಟಿದ್ದು ಮಾರನೆಯ ದಿನ ಮಧ್ಯಾಹ್ನ. ಅಂಗಡಿ ಬಹುಮಟ್ಟಿಗೆ ಖಾಲಿಯಾಗಿತ್ತು. ಸಾಬರು ಒಂದು ಪೆಟ್ಟಿಗೆಯ ಮೇಲೆ ಕೂತಿದ್ದರು. ಬೇರೆ ಯಾರೋ ಹೊದಿಸಿದ ಶಾಲು ಮಡಿಚಿ ಪಕ್ಕಕ್ಕಿಟ್ಟಿತ್ತು. ಗುಂಡು ಇನ್ನೂ ನೇತಾಡುತ್ತಿತ್ತು. ನೆನಪಿಗೆ ಅದನ್ನು ನನಗೆ ಕೊಡಿ ಎಂದು ಕೇಳುವ ಯೋಚನೆಯಿತ್ತು. ಬಾಯಿ ತೆರೆಯುವ ಮೊದಲೇ "ಅದು ಕೊಡಲ್ಲ. ನಿನ್ನ ಮುಂದೆ ಹತ್ತು ಮೀಟರ್ ಐತೆ, ನನಗೆ ಇದೊಂದೇ" ಎಂದರು.

"ಮಾಫ್ ಮಾಡಿ ಸಾಬ್ರೇ, ತಡ ಆಯ್ತು" ಎಂದೆ.

ಅವರು ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟರು. ತಲೆ ಎತ್ತದೆ, ಮೊದಲ ದಿನದ ಅದೇ ದನಿಯಲ್ಲಿ ಕೇಳಿದರು.

"ಎಷ್ಟು ಅಡಿಗೆ ಬಿಟ್ಟೆ?"

"ಇನ್ನೂರು."

"ಎರಡನೇ ಸಲ?"

"ಇನ್ನೂರೇ."

ಸಾಬರು ದಾರದ ಕಡೆ ನೋಡಿದರು. ಅದು ನೆಟ್ಟಗಿತ್ತು. ಮೆಲ್ಲಗೆ ಎದ್ದು ನಿಂತು, ಮಡಿಚಿಟ್ಟ ಶಾಲು ಎತ್ತಿ ನನ್ನ ಕೈಗೆ ಕೊಟ್ಟು, ಹೊದಿಸಲೆಂದು ತಲೆ ಬಗ್ಗಿಸಿದರು.